ಹಿಂಬರಹವಿಲ್ಲದ ನಿರಾಕರಣೆ

ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟವನಿಗೆ, ಅವನ ಕೋರಿಕೆ ಈಡೇರದಿದ್ದರೂ, ಕಡೆಯ ಪಕ್ಷ ಒಂದು ಹಿಂಬರಹ ಸಿಗುತ್ತದೆ. ಇಂತಿಂಥ ಕಾರಣದಿಂದ ತಮ್ಮ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ ಎಂಬ ಎರಡು ಸಾಲು, ಒಂದು ಮೊಹರು, ಒಂದು ಸಹಿ. ಮೂರು ದಶಕಗಳಿಗೂ ಮಿಕ್ಕಿದ ಸೇವೆಯಲ್ಲಿ ಇಂಥ ಸಾವಿರಾರು ಹಿಂಬರಹಗಳಿಗೆ ನಾನು ಸಹಿ ಹಾಕಿದ್ದೇನೆ. ಅವುಗಳಲ್ಲಿ ಕೆಲವು ತಪ್ಪಾಗಿದ್ದವೆಂದು ಈಗ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಕಾಗದವನ್ನೇ ಹಿಡಿದುಕೊಂಡು ಜನ ಮೇಲ್ಮನವಿಗೆ ಹೋದರು, ನನ್ನ ಆದೇಶಗಳು ರದ್ದಾದದ್ದೂ ಉಂಟು. ಹಿಂಬರಹವೆಂಬ ಆ ತುಂಡು ಕಾಗದದ ಬೆಲೆ ನನಗೆ ನಿಜವಾಗಿ ಅರ್ಥವಾದದ್ದು ಮಾತ್ರ ನಿವೃತ್ತಿಯ ನಂತರ, ಕೊಳ್ಳೇಗಾಲದಲ್ಲಿ, ವಾಹನ ವಿಮೆ ಮಾಡುವ ಕಚೇರಿಯೊಂದರ ಬಾಗಿಲಲ್ಲಿ.

ಮೊದಲು ನನ್ನದೇ ಕಥೆ ಹೇಳಿಬಿಡುತ್ತೇನೆ. ಹನ್ನೆರಡು ವರ್ಷ ನಾನು ನನ್ನ ಕಾರಿನ ವಿಮೆಯಿಂದ ಒಂದು ರೂಪಾಯಿ ಕೇಳಿದವನಲ್ಲ. ಪರಿಹಾರ ಕೇಳದವನಿಗೆ ಕೊಡುವ ರಿಯಾಯಿತಿ ಮೊದಲ ವರ್ಷ ಶೇ 20ರಿಂದ ಆರಂಭವಾಗಿ ಶೇ 50ರವರೆಗೆ ಏರುತ್ತದೆ. ನಾನು ಆ ಕೊನೆಯ ಮೆಟ್ಟಿಲ ಮೇಲೆ ನೆಮ್ಮದಿಯಾಗಿ ಕುಳಿತಿದ್ದೆ. 2024ರಲ್ಲಿ ಒಂದು ಮುಸ್ಸಂಜೆ ಮಾಂಬಳ್ಳಿಯಿಂದ ಯಳಂದೂರಿಗೆ ಬರುವಾಗ ಎಮ್ಮೆಯೊಂದು ಅಡ್ಡ ಬಂತು. ಎಮ್ಮೆಗೆ ಏನೂ ಆಗಲಿಲ್ಲ, ಕಾರಿನ ಮುಂಭಾಗ ಹೋಯಿತು. ಅದೇ ವರ್ಷ ಮದುವೆ ಮಂಟಪವೊಂದರ ಅಂಗಳದಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿಸಿದೆ. ಇದಕ್ಕೆ ಎಮ್ಮೆಯನ್ನು ದೂರುವಂತಿರಲಿಲ್ಲ. ಎರಡು ಬಾರಿ ಪರಿಹಾರ ಪಡೆದದ್ದೇ ತಡ, ಅರವತ್ತೇಳರ ವಯಸ್ಸಿನಲ್ಲಿ ನಾನು ವಿಮೆಯ ಭಾಷೆಯಲ್ಲಿ ‘ಹೆಚ್ಚು ಅಪಾಯದ ಚಾಲಕ’ನಾದೆ. ರಿಯಾಯಿತಿ ಪೂರ್ತಿ ಹೋಯಿತು, ನನ್ನ ಕಾರಿನ ಸ್ವಂತ ಹಾನಿಯ ಭಾಗಕ್ಕೆ ಕೇಳಿದ ಪ್ರೀಮಿಯಂ ಹಿಂದಿನದರ ಎರಡು ಪಟ್ಟಿಗೂ ಹೆಚ್ಚಾಯಿತು. ಹಳೆಯ ಕಾರಿಗೆ ಇಷ್ಟೇಕೆ ಎಂದುಕೊಂಡು ಸ್ವಂತ ಹಾನಿಯ ವಿಮೆಯನ್ನೇ ಬಿಟ್ಟು, ಕಾಯ್ದೆ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯೊಂದನ್ನೇ ತೆಗೆದುಕೊಂಡೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯ ಪ್ರಕಾರ 1,000ದಿಂದ 1,500 ಸಿ.ಸಿ.ವರೆಗಿನ ಕಾರಿಗೆ 3,416 ರೂಪಾಯಿ, ಅದರ ಮೇಲೆ ತೆರಿಗೆ. ಮನೆಯಲ್ಲಿ ಕುಳಿತು ಫೋನಿನಲ್ಲೇ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ನಾನು ಎಮ್ಮೆಗೆ ಗುದ್ದಿದ್ದೇನೆಯೇ, ಕಂಬಕ್ಕೆ ಗುದ್ದಿದ್ದೇನೆಯೇ ಎಂದು ಯಾರೂ ಕೇಳಲಿಲ್ಲ.

2025ರ ಮೇ ತಿಂಗಳಲ್ಲಿ ಈ ಪಾಲಿಸಿಯಲ್ಲಿದ್ದ ಒಂದು ಅಕ್ಷರ ದೋಷ ತಿದ್ದಿಸಲು ಕೊಳ್ಳೇಗಾಲದ ಕಚೇರಿಗೆ ಹೋಗಿದ್ದಾಗ ಹೊರಗಿನ ಬೆಂಚಿನ ಮೇಲೆ ಒಬ್ಬಾತ ಪ್ಲಾಸ್ಟಿಕ್ ಚೀಲದಲ್ಲಿ ವಾಹನದ ದಾಖಲೆಗಳನ್ನು ಸುತ್ತಿ ಹಿಡಿದು ಕುಳಿತಿದ್ದ. ಹನೂರು ತಾಲ್ಲೂಕಿನಲ್ಲಿ ರಾಮಾಪುರದಿಂದಾಚೆಯ ಒಂದು ಹಳ್ಳಿಯವನು. ಹತ್ತು ವರ್ಷ ಹಳೆಯದಾದ ನಾಲ್ಕು ಚಕ್ರದ ಸಣ್ಣ ಸರಕು ಸಾಗಣೆ ವಾಹನದ ಮಾಲೀಕ, ಅದರ ಚಾಲಕನೂ ಅವನೇ. ಮುಸುಕಿನ ಜೋಳ, ಅರಿಶಿನ, ಬಾಳೆ, ಕೆಲವೊಮ್ಮೆ ಮನೆ ಕಟ್ಟುವ ಇಟ್ಟಿಗೆ, ಹೀಗೆ ಸಿಕ್ಕಿದ ಬಾಡಿಗೆ ಹೊಡೆಯುತ್ತಾನೆ. ನಾಲ್ಕು ವರ್ಷದ ಹಿಂದೆ ಅವನ ವಾಹನಕ್ಕೆ ಸಿಕ್ಕಿ ಸೈಕಲ್ ಸವಾರನೊಬ್ಬ ಗಾಯಗೊಂಡಿದ್ದ. ಪರಿಹಾರವನ್ನು ವಿಮಾ ಕಂಪನಿ ಕೊಟ್ಟಿತ್ತು. ಈ ಬಾರಿ ಮನೆಯ ತಾಪತ್ರಯದಲ್ಲಿ ಹಣ ಹೊಂದದೆ ವಿಮೆಯ ಅವಧಿ ಮುಗಿದು 26 ದಿನ ಕಳೆದಿತ್ತು. ಸಾಲ ಮಾಡಿ ಹಣ ತಂದ ಮೇಲೆ ವಿಮೆ ಮಾಡುವವರೇ ಸಿಗದೆ ಮೂರನೆಯ ಕಚೇರಿಯ ಮುಂದೆ ಅವನು ಕುಳಿತಿದ್ದ.

ಮೊದಲನೆಯ ಕಡೆ ಸರ್ವರ್ ಇಲ್ಲ ಎಂದರಂತೆ, ಮರುದಿನವೂ ಅದೇ ಉತ್ತರ. ಎರಡನೆಯ ಕಡೆ, ಅವಧಿ ಮುಗಿದ ಹಳೆಯ ಗಾಡಿಯಾದ್ದರಿಂದ ತಪಾಸಣೆಯಾಗಬೇಕು, ತಪಾಸಣೆ ಮಾಡುವವರು ಮೈಸೂರಿನಿಂದ ಬರಬೇಕು ಎಂದರು. ಯಾವಾಗ ಬರುತ್ತಾರೆ ಎಂಬುದಕ್ಕೆ ಉತ್ತರವಿಲ್ಲ. ಮೂರನೆಯ ಕಡೆ, ಸರಕು ವಾಹನಕ್ಕೆ ಬರಿಯ ಥರ್ಡ್ ಪಾರ್ಟಿ ಮಾಡುವುದಿಲ್ಲ, ಮಾಡಿಸುವುದಾದರೆ ಪೂರ್ತಿ ಪ್ಯಾಕೇಜು ಮಾಡಿಸು, ಜೊತೆಗೆ ಚಾಲ್ತಿಯಲ್ಲಿರುವ ಎಫ್.ಸಿ. ತೋರಿಸು ಎಂದರು. ಎಫ್.ಸಿ. ಎಂದರೆ ಸಾರಿಗೆ ಇಲಾಖೆಯ ಅರ್ಹತಾ ಪತ್ರ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಅದನ್ನು ಪ್ರತಿವರ್ಷ ನವೀಕರಿಸಬೇಕು. ಅವನದೂ ಮುಗಿದಿತ್ತು. ಚಾಮರಾಜನಗರದ ಸಾರಿಗೆ ಕಚೇರಿಗೆ ಹೋದರೆ ಅಲ್ಲಿ ವಿಮೆ ಇಲ್ಲದೆ ಎಫ್.ಸಿ. ಇಲ್ಲ, ಇಲ್ಲಿ ಎಫ್.ಸಿ. ಇಲ್ಲದೆ ವಿಮೆ ಇಲ್ಲ. ನಾನು ಆಡಳಿತದಲ್ಲಿದ್ದವನು, ಇಂಥ ಗಂಟುಗಳನ್ನು ನೋಡಿದ್ದೇನೆ; ನಾಚಿಕೆಯಿಂದಲೇ ಹೇಳುತ್ತೇನೆ, ಒಂದೆರಡನ್ನು ಕಟ್ಟಿಯೂ ಇದ್ದೇನೆ.

ಇಷ್ಟು ಕಡೆ ಅಲೆದವನ ಕೈಯಲ್ಲಿ ‘ಇಲ್ಲ’ ಎಂದು ಹೇಳುವ ಒಂದು ಚೀಟಿಯೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಯಾಕೆಂದರೆ ಥರ್ಡ್ ಪಾರ್ಟಿ ವಿಮೆಯನ್ನು ಯಾವ ಕಂಪನಿಯೂ ನಿರಾಕರಿಸಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಮತ್ತೆ ಮತ್ತೆ ಸೂಚಿಸಿದೆ. ನಿರಾಕರಣೆ ನಿಷಿದ್ಧವಾದ್ದರಿಂದ ನಿರಾಕರಣೆಗೆ ದಾಖಲೆಯಿಲ್ಲ. ದಾಖಲೆಯಿಲ್ಲದ್ದರಿಂದ, ಕಾಗದದ ಮೇಲೆ ಹನೂರಿನಲ್ಲಿ ಯಾರಿಗೂ ವಿಮೆ ನಿರಾಕರಿಸಿಲ್ಲ. ವಿಮಾ ಓಂಬುಡ್ಸ್‌ಮನ್ ಬೆಂಗಳೂರಿನಲ್ಲಿದ್ದಾರೆ. ಆದರೆ ಆ ನಿಯಮಗಳು ಎಣಿಸುವ ದೂರುಗಳಲ್ಲೊಂದು, ಪ್ರೀಮಿಯಂ ಪಡೆದ ಮೇಲೂ ಪಾಲಿಸಿ ಕೊಡದಿರುವುದು. ಪ್ರೀಮಿಯಂ ಅನ್ನೇ ಮುಟ್ಟದವರ ಮೇಲೆ ಏನೆಂದು ದೂರುವುದು?

ಇಲ್ಲಿ ಬೆಂಗಳೂರಿನ ಓದುಗರಿಗೆ ಒಂದು ಮಾತು ಸ್ಪಷ್ಟಪಡಿಸಬೇಕು. ಅಮೆರಿಕ, ಇಂಗ್ಲೆಂಡುಗಳಲ್ಲಿರುವ ನಮ್ಮ ಮಕ್ಕಳು ಹೇಳುವ ವಿಮೆಗೂ ನಮ್ಮ ವಿಮೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಪ್ರೀಮಿಯಂ ಚಾಲಕನನ್ನು ಹಿಂಬಾಲಿಸುತ್ತದೆ: ಅವನ ವಯಸ್ಸು, ಅವನು ತೆತ್ತ ದಂಡ, ಮಾಡಿದ ಅಪಘಾತ. ಅಪಾಯಕಾರಿ ಚಾಲಕನಿಗೆ ವಿಮೆ ದುಬಾರಿ, ಆದರೆ ಸಿಗುತ್ತದೆ. ನಮ್ಮಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ವಾಹನವನ್ನು ಮಾತ್ರ ನೋಡುತ್ತದೆ. ಕಾರಾದರೆ ಎಂಜಿನ್ನಿನ ಗಾತ್ರ, ಸರಕು ವಾಹನವಾದರೆ ಅದರ ಒಟ್ಟು ತೂಕ. ಇಪ್ಪತ್ತೆರಡು ವರ್ಷದ ಹುಂಬನಿಗೂ ನನಗೂ ಒಂದೇ ದರ. ಆ ದರವನ್ನು ನಿಗದಿ ಮಾಡುವುದು ಸರ್ಕಾರ. 2022ರಿಂದ ಈಚೆಗೆ ಕೇಂದ್ರ ಸಾರಿಗೆ ಸಚಿವಾಲಯವೇ ಅಧಿಸೂಚನೆ ಹೊರಡಿಸುತ್ತದೆ. ಸಾವು ಮತ್ತು ಗಾಯಕ್ಕೆ ಕಂಪನಿ ಕೊಡಬೇಕಾದ ಪರಿಹಾರಕ್ಕೆ ಮಾತ್ರ ಮಿತಿಯಿಲ್ಲ, ನ್ಯಾಯಮಂಡಳಿ ಹೇಳಿದಷ್ಟು. ಅಂದರೆ ಬೆಲೆಗೆ ಮೇಲ್ಮಿತಿಯಿದೆ, ಹೊಣೆಗೆ ಮೇಲ್ಮಿತಿಯಿಲ್ಲ. ಎಂ.ಎ. ತರಗತಿಯಲ್ಲಿ ನಮಗೆ ಮೊದಲ ವರ್ಷವೇ ಕಲಿಸಿದ ಪಾಠ ಇದು: ಬೆಲೆಯನ್ನು ಏರಿಸಲಾಗದ ಮಾರಾಟಗಾರ ಸರಕನ್ನು ಬಚ್ಚಿಡುತ್ತಾನೆ. ಅರುವತ್ತರ, ಎಪ್ಪತ್ತರ ದಶಕಗಳಲ್ಲಿ ಸೀಮೆಎಣ್ಣೆ ಹೀಗೆಯೇ ಮಾಯವಾಗುತ್ತಿತ್ತು. ಈಗ ಹನೂರಿನಲ್ಲಿ ಪಾಲಿಸಿ ಮಾಯವಾಗುತ್ತದೆ. ಸರ್ವರ್ ಇಲ್ಲ ಎಂಬುದು ‘ಸ್ಟಾಕ್ ಇಲ್ಲ’ ಎಂಬ ಹಳೆಯ ಫಲಕದ ಹೊಸ ರೂಪ.

ಕಂಪನಿಗಳ ಪಕ್ಷವನ್ನೂ ಹೇಳುವುದು ನ್ಯಾಯ. ಸರಕು ವಾಹನಗಳ ಥರ್ಡ್ ಪಾರ್ಟಿ ವಿಮೆ ಅವರಿಗೆ ಬಹುಕಾಲ ನಷ್ಟದ ಬಾಬತ್ತೇ ಆಗಿತ್ತು. 1994ರ ತಿದ್ದುಪಡಿ ಪರಿಹಾರದ ಅರ್ಜಿಗಿದ್ದ ಕಾಲಮಿತಿಯನ್ನು ತೆಗೆದುಹಾಕಿದ್ದರಿಂದ ಹತ್ತು ವರ್ಷದ ಹಿಂದಿನ ಅಪಘಾತಕ್ಕೂ ಹೊಸ ದಾವೆ ಬರಬಹುದಾಗಿತ್ತು. ಆರು ತಿಂಗಳ ಮಿತಿ ಮತ್ತೆ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ. 2007ರ ಜನವರಿಯಲ್ಲಿ ಸ್ವಂತ ಹಾನಿಯ ವಿಮೆಯ ದರಗಳನ್ನು ಮುಕ್ತಗೊಳಿಸಿದಾಗ, ಕಂಪನಿಗಳು ಲಾರಿ ಟೆಂಪೊಗಳನ್ನು ಕೈಬಿಡುತ್ತವೆಂಬ ಭಯದಿಂದ ವಾಣಿಜ್ಯ ವಾಹನಗಳ ಥರ್ಡ್ ಪಾರ್ಟಿ ವಿಮೆಯನ್ನೆಲ್ಲ ಆ ವರ್ಷದ ಏಪ್ರಿಲ್‌ನಿಂದ ಒಂದು ಸಾಮಾನ್ಯ ನಿಧಿಗೆ, ಅಂದರೆ ಪೂಲಿಗೆ, ಹಾಕಲಾಯಿತು. ಲಾಭ ನಷ್ಟಗಳನ್ನು ಎಲ್ಲರೂ ಹಂಚಿಕೊಳ್ಳಬೇಕು. ಊರ ಒಟ್ಟಿನ ದನವನ್ನು ಯಾರೂ ಮೇಯಿಸುವುದಿಲ್ಲ. ಪರಿಹಾರದ ದಾವೆಗಳನ್ನು ಪರಿಶೀಲಿಸುವ ಆಸಕ್ತಿ ಯಾವ ಕಂಪನಿಗೂ ಉಳಿಯಲಿಲ್ಲ. 2011ರ ಮಾರ್ಚ್‌ನಲ್ಲಿ ನಿಯಂತ್ರಕರು ಪೂಲಿನ ಹೊಣೆಯನ್ನು ಪ್ರತಿ 100 ರೂಪಾಯಿ ಪ್ರೀಮಿಯಂಗೆ 153 ರೂಪಾಯಿಯಂತೆ ತೆಗೆದಿರಿಸಬೇಕೆಂದು ಆಜ್ಞೆ ಮಾಡಬೇಕಾಯಿತು. 2012ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿ ‘ನಿರಾಕೃತ ಅಪಾಯಗಳ ಪೂಲ್’ ತೆರೆದರು. ಯಾರಿಗೂ ಬೇಡವಾದ ವಾಹನಗಳು ಮಾತ್ರ ಅದಕ್ಕೆ. ಅದೂ 2016ರಲ್ಲಿ ಮುಗಿಯಿತು. ಈಗಿರುವುದು ಪ್ರತಿಯೊಂದು ಕಂಪನಿಯೂ ಇಂತಿಷ್ಟು ಥರ್ಡ್ ಪಾರ್ಟಿ ವ್ಯವಹಾರ ಮಾಡಲೇಬೇಕೆಂಬ ಕಟ್ಟಳೆ.

ಕಟ್ಟಳೆ ಒಳ್ಳೆಯದೇ. ಆದರೆ ಒಟ್ಟು ಗುರಿಯೊಂದನ್ನು ಎಲ್ಲಿಂದಾದರೂ ತುಂಬಬಹುದು. ಪೀಣ್ಯದಲ್ಲೋ ಹೊಸೂರು ರಸ್ತೆಯಲ್ಲೋ ನೂರು ಹೊಸ ವಾಹನಗಳಿಗೆ ಒಂದೇ ದಿನ ಪಾಲಿಸಿ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ರಾಮಾಪುರದ ಹತ್ತು ವರ್ಷದ ಗಾಡಿ ಯಾರ ಲೆಕ್ಕಕ್ಕೂ ಬೇಕಾಗಿಲ್ಲ. ಇದರಲ್ಲೊಂದು ವಿಚಿತ್ರವೂ ಇದೆ. 2002ರ ಮೋಟಾರು ದರಪಟ್ಟಿ ವಾಣಿಜ್ಯ ವಾಹನಗಳಿಗಾಗಿ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿತ್ತು: ನಾಲ್ಕು ಮಹಾನಗರಗಳು, ಉಳಿದ ರಾಜಧಾನಿಗಳು, ಮಿಕ್ಕ ದೇಶ. ಕೊಳ್ಳೇಗಾಲ, ಹನೂರು, ಯಳಂದೂರುಗಳು ಸಹಜವಾಗಿ ಕೊನೆಯ ವಲಯಕ್ಕೆ, ಅಂದರೆ ಅತಿ ಕಡಿಮೆ ಅಪಾಯದ, ಅತಿ ಕಡಿಮೆ ದರದ ವಲಯಕ್ಕೆ ಸೇರಿದವು. ಕಡತದಲ್ಲಿ ಸುರಕ್ಷಿತವಾದ ಊರು ಕೌಂಟರಿನಲ್ಲಿ ಅಪಾಯಕಾರಿಯಾಗುತ್ತದೆ.

ಇನ್ನು ಕೈಗೆಟಕುವ ಮಾತು. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ 2022ರ ದರಪಟ್ಟಿ ಇಟ್ಟದ್ದು 16,049 ರೂಪಾಯಿ. ಆಗ ಶೇ 12ರ ತೆರಿಗೆ ಸೇರಿ ಹದಿನೆಂಟು ಸಾವಿರದ ಹತ್ತಿರ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಥರ್ಡ್ ಪಾರ್ಟಿ ವಿಮೆಯ ಮೇಲಿನ ತೆರಿಗೆ ಶೇ 5ಕ್ಕೆ ಇಳಿದು ಸುಮಾರು 1,100 ರೂಪಾಯಿ ಉಳಿಯುವಂತಾಯಿತು. ಸ್ವಾಗತಾರ್ಹ. ಆದರೆ ಮೇಲಿನ ಮೊತ್ತ ಬಡವನಿಗೆ ನಿಜವಾಗಿ ಬೀಳುವ ಬೆಲೆಯಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಕೈಸೇರದೆ ಕಂಪನಿ ಅಪಾಯದ ಹೊಣೆ ಹೊರುವಂತಿಲ್ಲ. ವರ್ಷದ ಹಣವನ್ನು ಒಂದೇ ಗಂಟಿನಲ್ಲಿ ಕಟ್ಟಬೇಕು. ನಾನು ಕಂಡ ಆ ಮನುಷ್ಯ ಅದನ್ನು ಮೂರು ರೂಪಾಯಿ ಬಡ್ಡಿಗೆ ತಂದಿದ್ದ. ನಗರದವರಿಗೆ ತಿಳಿಯಲೆಂದು ಹೇಳುತ್ತೇನೆ, ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಶೇ 36. ಹದಿನೆಂಟು ಸಾವಿರಕ್ಕೆ ತಿಂಗಳಿಗೆ 540 ರೂಪಾಯಿ ಬಡ್ಡಿ. ನಾಲ್ಕು ತಿಂಗಳು ತೀರಿಸಲಾಗದಿದ್ದರೆ ತೆರಿಗೆ ಇಳಿಸಿ ಸರ್ಕಾರ ಕೊಟ್ಟ ರಿಯಾಯಿತಿಯ ಸುಮಾರು ಎರಡರಷ್ಟು ಲೇವಾದೇವಿಗಾರನ ಪಾಲು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ವಿಮೆಯಿಲ್ಲದೆ ಓಡಿಸಿದ ಮೊದಲ ತಪ್ಪಿಗೆ ದಂಡ 2,000 ರೂಪಾಯಿ ಅಥವಾ ಮೂರು ತಿಂಗಳವರೆಗಿನ ಸೆರೆ, ಮತ್ತೊಮ್ಮೆ ಸಿಕ್ಕಿದರೆ 4,000. ಹದಿನಾರು ಸಾವಿರ ಕಟ್ಟುವುದೋ, ಸಿಕ್ಕಿಬಿದ್ದಾಗ ಎರಡು ಸಾವಿರ ತೆರುವುದೋ? ಈ ಲೆಕ್ಕಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ದೇಶದಲ್ಲಿ ಓಡಾಡುವ 18 ಕೋಟಿ ವಾಹನಗಳಲ್ಲಿ ವಿಮೆಯಿರುವುದು 6 ಕೋಟಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿ ಹೇಳಿದ್ದು 2018ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಹಳೆಯ ಗಾಡಿಗಳನ್ನು ಅದು ಮುಟ್ಟಲಿಲ್ಲ.

ಸಂಜೆ ನಡೆಯುವಾಗ ಜೊತೆಯಾಗುವ ಗೆಳೆಯರು ಈ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಅಡ್ಡಾದಿಡ್ಡಿ ಓಡಿಸುವವನಿಗೆ ವಿಮೆ ಸುಲಭವಾಗಿ ಏಕೆ ಸಿಗಬೇಕು? ನೈತಿಕವಾಗಿ ಸರಿಯೆಂದು ತೋರುವ ಈ ಪ್ರಶ್ನೆ ಥರ್ಡ್ ಪಾರ್ಟಿ ವಿಮೆಯನ್ನು ತಲೆಕೆಳಗಾಗಿ ಹಿಡಿಯುತ್ತದೆ. ಆ ವಿಮೆಯ ಹಣ ಚಾಲಕನಿಗೆ ಬರುವುದಿಲ್ಲ. ಅದು ಅವನಿಂದ ಕೈಕಾಲು ಕಳೆದುಕೊಂಡವನಿಗೆ, ಸತ್ತವನ ಹೆಂಡತಿ ಮಕ್ಕಳಿಗೆ ಸೇರುತ್ತದೆ. ಚಾಲಕ ಎಷ್ಟು ಅಪಾಯಕಾರಿಯೋ ಅವನಲ್ಲಿ ವಿಮೆ ಇರಬೇಕಾದ ಅಗತ್ಯ ಅಷ್ಟು ಹೆಚ್ಚು.

ವಿಮೆಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೋಟಾರು ವಾಹನ ಕಾಯ್ದೆಯ 174ನೆಯ ಕಲಮಿನಂತೆ ನ್ಯಾಯಮಂಡಳಿ ಘೋಷಿಸಿದ ಪರಿಹಾರವನ್ನು ಮಾಲೀಕ ಕೊಡದಿದ್ದರೆ ಅದು ಭೂಕಂದಾಯ ಬಾಕಿಯಂತೆ ವಸೂಲಿಗಾಗಿ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರನಿಗೆ ಬರುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ, ಬೇರೊಂದು ಜಿಲ್ಲೆಯಲ್ಲಿ, ಅಂಥ ಒಂದು ವಸೂಲಿ ಪತ್ರ ಹಿಡಿದು ಗ್ರಾಮಲೆಕ್ಕಿಗ ಮತ್ತು ಪಂಚರೊಡನೆ ಟೆಂಪೊ ಮಾಲೀಕನೊಬ್ಬನ ಮನೆಗೆ ಹೋದೆ. ಟೆಂಪೊ ಆಗಲೇ ಮೂಳೆ ಬೆಲೆಗೆ ಮಾರಾಟವಾಗಿತ್ತು. ಮನೆಯಲ್ಲಿ ಎರಡು ಮೇಕೆ, ಒಂದು ಹೊಲಿಗೆ ಯಂತ್ರ, ನೀರಿನ ಕೊಡಗಳು. ಜಮೀನು ತಂದೆಯ ಹೆಸರಿನಲ್ಲಿ, ಅದೂ ಸಹಕಾರ ಸಂಘಕ್ಕೆ ಆಧಾರ. ಹೊಲಿಗೆ ಯಂತ್ರ ಕಸುಬಿನ ಸಾಧನವಾದ್ದರಿಂದ ಜಪ್ತಿಗೆ ಬರುವುದಿಲ್ಲವೆಂದು ಗ್ರಾಮಲೆಕ್ಕಿಗನೇ ನೆನಪಿಸಿದ. ವಸೂಲು ಮಾಡಲು ಆಸ್ತಿಯಿಲ್ಲ ಎಂದು ಬರೆದು ಪಂಚನಾಮೆ ಮುಗಿಸಿದೆ. ಪರಿಹಾರಕ್ಕೆ ಕಾದಿದ್ದ ಹೆಂಗಸು ಮೂರು ತಿಂಗಳಾದ ಮೇಲೆ ನನ್ನ ಕಚೇರಿಗೆ ಬಂದರು. ಆಕೆಗೂ ನಾನು ಒಂದು ಹಿಂಬರಹ ಕೊಟ್ಟೆ. ನಾನು ಓಡಾಡುತ್ತಿದ್ದ ಸರ್ಕಾರಿ ಜೀಪಿಗೆ ವಿಮೆ ಇತ್ತು. ನಮ್ಮ ರಾಜ್ಯದ ವಾಹನಗಳನ್ನು ನಮ್ಮದೇ ಸರ್ಕಾರಿ ವಿಮಾ ಇಲಾಖೆ, ಮೈಸೂರು ಅರಸರ ಕಾಲದಲ್ಲಿ 1891ರಲ್ಲಿ ಹುಟ್ಟಿದ್ದು, ವಿಮೆ ಮಾಡುತ್ತದೆ. ಚಾಲಕನ ಚರಿತ್ರೆಯನ್ನು ಅದು ಎಂದೂ ಕೇಳಲಿಲ್ಲ.

ನಂತರದ ವರ್ಷಗಳಲ್ಲಿ ಕಾನೂನು ಸ್ವಲ್ಪ ಬಿಗಿಯಾಯಿತು. ಅಪಘಾತ ಮಾಡಿದ ವಿಮೆಯಿಲ್ಲದ ವಾಹನವನ್ನು ಭದ್ರತೆಯಿಲ್ಲದೆ ಬಿಡಕೂಡದು, ಭದ್ರತೆ ಕೊಡದಿದ್ದರೆ ಹರಾಜು ಮಾಡಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕೆಂಬ ದೆಹಲಿಯ ಮಾದರಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನಿರ್ದೇಶಿಸಿತು. ಹತ್ತು ವರ್ಷದ ಗಾಡಿ ಹರಾಜಿನಲ್ಲಿ ಎಷ್ಟು ತರುತ್ತದೆಂಬುದನ್ನು ಮಾತ್ರ ಓದುಗರೇ ಊಹಿಸಬಹುದು. ಗುದ್ದಿ ಓಡಿಹೋದ ಪ್ರಕರಣಗಳಲ್ಲಿ ಸಾವಿಗೆ ಕೊಡುವ ಹಣ 25,000ದಿಂದ 2 ಲಕ್ಷ ರೂಪಾಯಿಗೆ ಏರಿದ್ದು 2022ರ ಏಪ್ರಿಲ್‌ನಲ್ಲಿ. ಗಾಯಾಳುವಿಗೆ ಏಳು ದಿನಗಳ ಒಳಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಲ್ಲಿ ಬಂತು. ಇವೆಲ್ಲ ಬೇಕಾದವೇ. ದುಡಿಯುವ ಗಂಡು ಸತ್ತ ಮನೆಗೆ ನ್ಯಾಯಮಂಡಳಿ ನೀಡುವ ಪರಿಹಾರದ ಜಾಗವನ್ನು ಇವು ತುಂಬುವುದಿಲ್ಲ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಇದಕ್ಕಿಂತಲೂ ತೊಡಕಿನ ಸಂಗತಿಯೊಂದಿದೆ. 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗುವವರೆಗೂ ಕೊಳ್ಳೇಗಾಲದ ಭಾಗವಾಗಿದ್ದ ಹನೂರಿನ ಕಾಡಂಚಿನ ಹಳ್ಳಿಗಳಿಗೆ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೆ ಬಸ್ಸು ಅಪರೂಪ. ಕೂಲಿಗೆ, ಸಂತೆಗೆ, ಸಾವಿಗೆ, ಮಹದೇಶ್ವರ ಬೆಟ್ಟದ ಜಾತ್ರೆಗೆ ಜನ ಹತ್ತುವುದು ಇಂಥದೇ ಸರಕು ವಾಹನಗಳನ್ನು. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವವರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೋಗುತ್ತಾರೆ. ಇವರಿಗೆ ವಿಮೆ ಇದೆಯೇ? ಸರಕು ವಾಹನದಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯನ್ನು 1994ರ ತಿದ್ದುಪಡಿ ವಿಮೆಯ ವ್ಯಾಪ್ತಿಗೆ ತಂದಿತು; ಸುಮ್ಮನೆ ಹತ್ತಿದ ಪ್ರಯಾಣಿಕರು ಅದರೊಳಗೆ ಬರುವುದಿಲ್ಲವೆಂದು ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ವಿಮಾ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಕೆಲವು ಪ್ರಕರಣಗಳಲ್ಲಿ ಕರುಣೆ ತೋರಿದ್ದುಂಟು, ಅದು ಹಕ್ಕಲ್ಲ. ಅಂದರೆ ಹದಿನಾರು ಸಾವಿರ ಕಟ್ಟಿದ ಪ್ರಾಮಾಣಿಕ ಮಾಲೀಕನ ಗಾಡಿಯ ಹಿಂಬದಿಯಲ್ಲಿ ಕುಳಿತ ಇಪ್ಪತ್ತು ಜನರಿಗೂ ಆ ಪಾಲಿಸಿ ಕೇವಲ ಕಾಗದ. ಜನರನ್ನು ಹತ್ತಿಸುವುದು ಕಾನೂನುಬಾಹಿರ, ಹತ್ತಿಸಬಾರದು, ಒಪ್ಪುತ್ತೇನೆ. ಬಸ್ಸು ಬಿಟ್ಟ ಮೇಲೆ ಹಾಗೆ ಹೇಳುವ ಅಧಿಕಾರ ನಮಗೆ ಬರುತ್ತದೆ. ಅಲ್ಲಿಯವರೆಗೆ, ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗಾದರೂ ಈ ಕೂಲಿಯವರನ್ನು ಪಂಚಾಯಿತಿಗಳು ಸೇರಿಸಬಹುದು. ಹದಿನೆಂಟರಿಂದ ಎಪ್ಪತ್ತರ ವಯಸ್ಸಿನವರಿಗೆ, ಬ್ಯಾಂಕ್ ಖಾತೆಯೊಂದಿದ್ದರೆ ಸಾಕು.

ಮತ್ತೆ ಹಿಂಬರಹಕ್ಕೆ ಬರುತ್ತೇನೆ. ಫ್ರಾನ್ಸಿನಲ್ಲಿ ವಾಹನ ವಿಮೆ ಕಡ್ಡಾಯವಾದ 1958ರಲ್ಲೇ ದರ ನಿರ್ಣಯಿಸುವ ಒಂದು ಕೇಂದ್ರ ಮಂಡಳಿಯನ್ನೂ ಸ್ಥಾಪಿಸಿದರು. ವಿಮೆ ನಿರಾಕರಿಸಲ್ಪಟ್ಟವನು ತಾನೇ ಆರಿಸಿದ ಕಂಪನಿಯ ಹೆಸರು ಹೇಳಿ ಆ ಮಂಡಳಿಯ ಮುಂದೆ ಹೋಗಬಹುದು. ಮಂಡಳಿ ಪ್ರೀಮಿಯಂ ನಿಗದಿ ಮಾಡುತ್ತದೆ, ಕಂಪನಿ ಆ ದರಕ್ಕೆ ವಿಮೆ ಮಾಡಲೇಬೇಕು. ಕಂಪನಿ ಸುಮ್ಮನಿದ್ದರೆ ಆ ಮೌನವೂ ನಿರಾಕರಣೆಯೇ. ನನಗೆ ಹಿಡಿಸಿದ್ದು ಈ ಕೊನೆಯ ಅಂಶ. ನಮ್ಮಲ್ಲಿ ದರವನ್ನು ಸರ್ಕಾರವೇ ನಿಗದಿ ಮಾಡಿರುವುದರಿಂದ ಅಂಥ ದೊಡ್ಡ ಮಂಡಳಿಯೂ ಬೇಕಿಲ್ಲ. ಅರ್ಜಿ ಪಡೆದ ದಿನವೇ ಸ್ವೀಕೃತಿ, ನಿಗದಿತ ದಿನದೊಳಗೆ ಪಾಲಿಸಿ ಅಥವಾ ಕಾರಣ ಸಹಿತ ಹಿಂಬರಹ, ಎರಡೂ ಇಲ್ಲದಿದ್ದರೆ ನಿರಾಕರಿಸಿದಂತೆ ಎಂಬ ನಿಯಮ. ವಿಮಾ ಪ್ರಾಧಿಕಾರದ 2024ರ ನಿಯಮಾವಳಿ ಗ್ರಾಮೀಣ, ಸಾಮಾಜಿಕ ಮತ್ತು ಥರ್ಡ್ ಪಾರ್ಟಿ ಹೊಣೆಗಾರಿಕೆಗಳನ್ನು ಒಟ್ಟಿಗೆ ತಂದು ಗ್ರಾಮ ಪಂಚಾಯಿತಿಯನ್ನೇ ಗ್ರಾಮೀಣ ಲೆಕ್ಕದ ಘಟಕವನ್ನಾಗಿ ಮಾಡಿದೆ. ಅದು ದೊಡ್ಡ ಹೆಜ್ಜೆ. ಹಾಗಾದರೆ ರಾಮಾಪುರ, ಕೌದಳ್ಳಿಗಳಂಥ ಪಂಚಾಯಿತಿಗಳಲ್ಲಿ ಎಷ್ಟು ಸರಕು ವಾಹನಗಳಿವೆ, ಎಷ್ಟಕ್ಕೆ ವಿಮೆಯಿದೆ ಎಂಬ ಪಟ್ಟಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸುವುದಕ್ಕೆ ಏನು ಅಡ್ಡಿ? ನೋಂದಣಿಯ ಮಾಹಿತಿ ಸಾರಿಗೆ ಇಲಾಖೆಯ ಗಣಕದಲ್ಲಿದೆ, ವಿಮೆಯ ಮಾಹಿತಿಯೂ ಗಣಕದಲ್ಲೇ ಇದೆ. ಎಫ್.ಸಿ. ಮುಗಿದ ಮಾತ್ರಕ್ಕೆ ಥರ್ಡ್ ಪಾರ್ಟಿ ವಿಮೆ ತಡೆಯುವ ಗಂಟನ್ನೂ ಬಿಚ್ಚಬೇಕು. ಇದಕ್ಕೆ ಒಂದು ಪೂರ್ವನಿದರ್ಶನವಿದೆ. ಹೊಗೆ ತಪಾಸಣೆಯ ಪ್ರಮಾಣಪತ್ರವಿಲ್ಲದೆ ವಿಮೆ ನವೀಕರಿಸಕೂಡದೆಂದು 2017ರ ಆಗಸ್ಟ್‌ನಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, ಅದರಿಂದ ವಿಮೆಯಿಲ್ಲದ ವಾಹನಗಳು ಹೆಚ್ಚಿ ಅಪಘಾತಕ್ಕೀಡಾದವರು ಪರಿಹಾರವಿಲ್ಲದೆ ಉಳಿಯುತ್ತಾರೆಂಬುದನ್ನು ಮನಗಂಡು 2024ರ ಜುಲೈನಲ್ಲಿ ಆ ಷರತ್ತನ್ನು ತಾನೇ ತೆಗೆದುಹಾಕಿತು. ಎಫ್.ಸಿ. ಇಲ್ಲದವನನ್ನು ಸಾರಿಗೆ ಇಲಾಖೆ ಹಿಡಿಯಲಿ. ವಿಮೆಯನ್ನು ಒತ್ತೆಯಿಟ್ಟುಕೊಂಡು ಅವನಿಗೆ ಶಿಸ್ತು ಕಲಿಸಲು ಹೊರಟರೆ ಶಿಕ್ಷೆ ಬೀಳುವುದು ರಸ್ತೆ ದಾಟುತ್ತಿರುವವನಿಗೆ.

ಅಪಾಯಕಾರಿ ಚಾಲಕ ಏನನ್ನೂ ತೆರಬಾರದೇ ಎಂದರೆ, ತೆರಲಿ. ಸಂಚಾರ ನಿಯಮ ಮುರಿದವರ ಮೇಲೆ ಪ್ರತ್ಯೇಕ ಪ್ರೀಮಿಯಂ ಹಾಕಬೇಕೆಂದು ವಿಮಾ ಪ್ರಾಧಿಕಾರವೇ ನೇಮಿಸಿದ್ದ ಕಾರ್ಯತಂಡ ವರದಿ ಕೊಟ್ಟಿದೆ. 2021ರ ಜನವರಿಯಲ್ಲಿ ಅದು ಪ್ರಕಟವಾಯಿತು, ದೆಹಲಿಯಲ್ಲಿ ಪ್ರಯೋಗ ನಡೆಸಬೇಕೆಂದೂ ಹೇಳಿತ್ತು. ಅದು ನ್ಯಾಯವಾದ ದಾರಿ. ಎಮ್ಮೆಗೂ ಕಂಬಕ್ಕೂ ಗುದ್ದಿದ ನನ್ನಿಂದ ಇನ್ನೂ ಐನೂರು ಹೆಚ್ಚು ಪಡೆಯಲಿ, ನನಗೆ ತಕರಾರಿಲ್ಲ. ಬೆಲೆ ಏರಿಸಿ ಕೊಡುವುದು ಬೇರೆ, ಕೊಡದೆ ಕಳಿಸುವುದು ಬೇರೆ.

ಅಂದು ಕೊಳ್ಳೇಗಾಲದಲ್ಲಿ ಏನಾಯಿತೆಂದು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ನಾನು ಅವನ ಕಾಗದಗಳನ್ನು ಹಿಡಿದು ಒಳಗೆ ಹೋದೆ. ಥರ್ಡ್ ಪಾರ್ಟಿ ಮಾಡುವುದಿಲ್ಲವೆಂಬುದನ್ನು ಬರೆದುಕೊಡಿ ಎಂದು ಕೇಳಿದೆ. ಬರೆದುಕೊಡುವ ಪದ್ಧತಿಯಿಲ್ಲ ಎಂದರು. ಅಲ್ಲೇ ಕುಳಿತು ಬಿಳಿಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಅವನ ಪರವಾಗಿ ಅರ್ಜಿ ಬರೆದು, ಕೆಳಗೆ ನನ್ನ ಹೆಸರು, ನಿವೃತ್ತ ಹುದ್ದೆ ಎರಡನ್ನೂ ಸ್ಪಷ್ಟವಾಗಿ ನಮೂದಿಸಿ, ಸ್ವೀಕೃತಿಯ ಮೊಹರು ಕೇಳಿದೆ. ಮೊಹರು ಬೀಳಲಿಲ್ಲ. ನಲವತ್ತು ನಿಮಿಷಗಳಲ್ಲಿ ಪಾಲಿಸಿಯೇ ಬಂತು. ತಪಾಸಣೆಯನ್ನು ಕಚೇರಿಯ ಹುಡುಗನೊಬ್ಬ ಹೊರಗೆ ಬಂದು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದು ಮುಗಿಸಿದ. ಸರ್ವರ್ ಕೆಲಸ ಮಾಡುತ್ತಿತ್ತು.

ಆತ ನನಗೆ ಕೈಮುಗಿದ. ಆ ಕೈಮುಗಿಯುವಿಕೆ ನನಗೆ ಹಿತವೆನಿಸಲಿಲ್ಲ. ಆಮೇಲೆ ಪಾಲಿಸಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಇಡುತ್ತಾ, ಅವಧಿ ಎಂದಿಗೆ ಮುಗಿಯುತ್ತದೆ ನೋಡಿ ಹೇಳಿ ಎಂದ. ಮುಂದಿನ ಮೇ ತಿಂಗಳು ಎಂದೆ. ನನ್ನ ಫೋನ್ ನಂಬರು ಕೇಳಿ ಬರೆದುಕೊಂಡು ಹೋದ.